ಬುಟ್ಟಿಯೊಳಗಿನ ಜೀವ



ನಾವು ಸಣ್ಣವರಿದ್ದಾಗ ಸಂತೆ ಅಂದರೆ ಹಬ್ಬ. ಕೊಪ್ಪಳದ ಸಂತೆ ಇರಲಿ, ಗಂಗಾವತಿ ಸಂತೆ ಇರಲಿ, ಕುಷ್ಟಗಿ, ಯಲಬುರ್ಗಾ ಸಂತೆ ಇರಲಿ. ಅವ್ವ ಉಳ್ಳಾಗಡ್ಡಿ, ಮೆಣಸಿನಕಾಯಿ ಚೌಕಾಸಿ ಮಾಡುತ್ತಿದ್ದಳು. ನಾವು ಮೆಲ್ಲಗೆ ಅವಳ ಸೆರಗು ಬಿಡುತ್ತಿದ್ದೆವು. ಯಾಕೆಂದರೆ ಆ ಕಡೆ ಪುಂಗಿಯ ಸಪ್ಪಳ ಕೇಳುತ್ತಿತ್ತು. ಗಾರುಡಿಗ ಬಂದಿದ್ದ!

ಸುತ್ತ ಜನ ನೆರೆಯುತ್ತಿದ್ದರು. ಗಾರುಡಿಗ ಬುಟ್ಟಿಯ ಮುಚ್ಚಳ ತೆಗೆಯುತ್ತಿದ್ದ. ನಾಗರಹಾವು ಹೆಡೆ ಎತ್ತಿ ನಿಲ್ಲುತ್ತಿತ್ತು. "ಯಾರೂ ಕೈ ಕಟ್ಟಬ್ಯಾಡ್ರಿ, ಯಾರೂ ಹೊಳ್ಳಿ ಹೋಗಬ್ಯಾಡ್ರಿ" ಎಂದು ಅವನು ಕೂಗುತ್ತಿದ್ದ. ಆಮೇಲೆ ಹಾವಿನ ಬಾಯಿಗೆ ತನ್ನ ಕೈ ಕೊಡುತ್ತಿದ್ದ. ಹಾವು ಕಚ್ಚಿತು! ಜನ ಹೌಹಾರುತ್ತಿದ್ದರು. ಅವನು ಒಂದು ಬೇರು ತೆಗೆದು ಗಾಯಕ್ಕೆ ತಿಕ್ಕುತ್ತಿದ್ದ. ಅವನಿಗೆ ಏನೂ ಆಗುತ್ತಿರಲಿಲ್ಲ. ಕೂಡಲೇ ಬೇರಿನ ಮಾರಾಟ ಶುರು. ನಮ್ಮ ಅವ್ವಂದಿರು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಟ್ಟು ಬೇರು ತರುತ್ತಿದ್ದರು.

ಈಗ ಇಂಥ ಆಟ ಕಡಿಮೆ ಆಗಿದೆ. ಪೂರ್ತಿ ಮಾತ್ರ ನಿಂತಿಲ್ಲ. ಆಟದ ಮೇಲಿನ ನಂಬಿಕೆಯೂ ಹೋಗಿಲ್ಲ. ಅದಕ್ಕೇ ಇವತ್ತು ಒಂದು ಪ್ರಶ್ನೆ ಕೇಳೋಣ. ಆ ಹಾವು ಅವನನ್ನು ಯಾಕೆ ಕೊಲ್ಲಲಿಲ್ಲ?

ಬುಟ್ಟಿಯ ಗುಟ್ಟು

ಅದರಲ್ಲಿ ಮಂತ್ರ ಇಲ್ಲ. ಬೇರಿನ ಗುಣವೂ ಇಲ್ಲ. ಆಟದ ಹಾವಿನ ವಿಷದ ಹಲ್ಲನ್ನು ಮೊದಲೇ ಕಿತ್ತಿರುತ್ತಾರೆ. ಕೆಲವರು ವಿಷದ ಚೀಲವನ್ನೂ ಕೊಯ್ದು ತೆಗೆಯುತ್ತಾರೆ. ಇನ್ನು ಕೆಲವರು ಹಾವಿನ ಬಾಯಿಗೆ ದಾರದಿಂದ ಹೊಲಿಗೆ ಹಾಕುತ್ತಾರೆ. ನಾಲಿಗೆ ಹೊರಗೆ ಬರುವಷ್ಟೇ ಸಂದಿ ಬಿಡುತ್ತಾರೆ.

ಹಾವಿಗೆ ವಿಷ ಇರುವುದು ನಮ್ಮನ್ನು ಕೊಲ್ಲಲಿಕ್ಕೆ ಅಲ್ಲ. ಇಲಿ, ಕಪ್ಪೆ ಹಿಡಿದು ತಿನ್ನಲಿಕ್ಕೆ. ಹಲ್ಲು ಕಿತ್ತ ಮೇಲೆ ಬಾಯಲ್ಲಿ ಹುಣ್ಣಾಗುತ್ತದೆ, ಕೀವು ತುಂಬುತ್ತದೆ. ಹಾವು ತಿನ್ನಲಾರದೆ ಸೊರಗುತ್ತದೆ. ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸಾಯುತ್ತದೆ. ಆಗ ಅಡವಿಯಿಂದ ಇನ್ನೊಂದು ಹಾವು ಬುಟ್ಟಿಗೆ ಬರುತ್ತದೆ.

ಪುಂಗಿಯ ನಾದಕ್ಕೆ ಹಾವು ಕುಣಿಯುತ್ತದೆ ಅನ್ನುತ್ತೇವೆ. ಅದೂ ಸುಳ್ಳು. ಹಾವಿಗೆ ಹೊರಗಿವಿ ಇಲ್ಲ. ನೆಲದ ಅದುರು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಪುಂಗಿ ಅತ್ತಿತ್ತ ಅಲುಗುತ್ತದೆ. ಹಾವು ಅದನ್ನು ನೋಡಿ ಹೆದರುತ್ತದೆ. ಹೆದರಿ ಹೆಡೆ ಎತ್ತುತ್ತದೆ. ಪುಂಗಿ ಹೋದ ಕಡೆ ಹೆಡೆ ತಿರುಗಿಸುತ್ತದೆ. ನಮಗೆ ಅದು ಕುಣಿತ. ಹಾವಿಗೆ ಅದು ಜೀವಭಯ.

ಹಾಲು ಮತ್ತು ಹಾವು

ಶ್ರಾವಣದಲ್ಲಿ ನಾಗರ ಪಂಚಮಿ ಬರುತ್ತದೆ. ತವರಿಗೆ ಹೋಗುವ ಹಬ್ಬ. ಉಂಡಿ ಕಟ್ಟುವ, ಜೋಕಾಲಿ ಆಡುವ ಹಬ್ಬ. ನಾವು ಕಲ್ಲಿನ ನಾಗಪ್ಪನಿಗೆ, ಹುತ್ತಕ್ಕೆ ಹಾಲು ಎರೆಯುತ್ತೇವೆ. ಹಬ್ಬ ಬಿಡಿ ಎಂದು ನಾವು ಹೇಳುವುದಿಲ್ಲ. ಬುಟ್ಟಿಯ ಹಾವಿಗೆ ಹಾಲು ಕುಡಿಸುವುದನ್ನು ಮಾತ್ರ ಬಿಡೋಣ.

ಹಾಲು ಹಾವಿನ ಆಹಾರ ಅಲ್ಲ. ಮೊಲೆ ಕುಡಿದು ಬೆಳೆಯುವ ಪ್ರಾಣಿಗಳಿಗೆ ಹಾಲು. ನಾಗರಹಾವು ಮೊಟ್ಟೆಯಿಂದ ಬಂದದ್ದು, ಮಾಂಸ ತಿನ್ನುವುದು. ಹಾಗಾದರೆ ಆಟದ ಹಾವು ಹಾಲಿಗೆ ಬಾಯಿ ಹಾಕುವುದು ಯಾಕೆ? ಅದನ್ನು ದಿನಗಟ್ಟಲೆ ನೀರು ಕೊಡದೆ ಇಟ್ಟಿರುತ್ತಾರೆ. ಬಾಯಾರಿದ ಜೀವ ಏನು ಕೊಟ್ಟರೂ ಕುಡಿಯುತ್ತದೆ. ಆ ಹಾಲು ಅರಗುವುದಿಲ್ಲ. ಒತ್ತಾಯದಿಂದ ಕುಡಿಸಿದರೆ ಶ್ವಾಸಕೋಶಕ್ಕೂ ಹೋಗಬಹುದು. ನಾವು ಪುಣ್ಯ ಅಂದುಕೊಂಡು ಮಾಡಿದ್ದು ಅದಕ್ಕೆ ಸಾವು ತರುತ್ತದೆ.

ಬೇರು ಜೀವ ಉಳಿಸುವುದಿಲ್ಲ

ಈ ಆಟದಿಂದ ಹಾವು ಮಾತ್ರ ಸಾಯುವುದಿಲ್ಲ. ಮನುಷ್ಯರೂ ಸಾಯುತ್ತಾರೆ. ಹೇಗೆ, ನೋಡೋಣ.

ಸಂತೆಯಿಂದ ತಂದ ಬೇರು ಮನೆಯಲ್ಲಿದೆ. ಹೊಲದಲ್ಲಿ ಕಳೆ ತೆಗೆಯುವಾಗ ಯಾರಿಗೋ ಹಾವು ಕಚ್ಚಿತು. ಮನೆಯವರು ಏನು ಮಾಡುತ್ತಾರೆ? ಬೇರು ತೇಯುತ್ತಾರೆ. ಮಂತ್ರ ಹಾಕಿಸುತ್ತಾರೆ. ಒಂದು ತಾಸು ಹೋಯಿತು, ಎರಡು ತಾಸು ಹೋಯಿತು. ಅಷ್ಟರಲ್ಲಿ ವಿಷ ಮೈಯೆಲ್ಲ ಏರಿತು.

"ನಮ್ಮ ಕಾಕಾ ಬೇರಿನಿಂದನ ಉಳಿದಾನಲ್ರಿ" ಎಂದು ಕೆಲವರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಉಳಿಸಿದ್ದು ಬೇರಲ್ಲ. ಬಹಳಷ್ಟು ಹಾವುಗಳಿಗೆ ವಿಷವೇ ಇಲ್ಲ. ಕೇರೆಹಾವು ಕಚ್ಚಿದರೆ ಬೇರು ಹಚ್ಚಿದರೂ ಬದುಕುತ್ತಾರೆ, ಹಚ್ಚದಿದ್ದರೂ ಬದುಕುತ್ತಾರೆ. ವಿಷದ ಹಾವು ಸಹ ಕೆಲವು ಸಲ ಕಚ್ಚಿದರೂ ವಿಷ ಬಿಡುವುದಿಲ್ಲ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು 2020ರಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿದೆ. ಅಂದರೆ ವರ್ಷಕ್ಕೆ ಸುಮಾರು 58 ಸಾವಿರ. ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರಕಾರ ಒಂದು ಆದೇಶ ಮಾಡಿತು. ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರಕಾರಕ್ಕೆ ತಿಳಿಸಬೇಕು ಎಂದು ಹೇಳಿತು.

ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಈ ನಾಲ್ಕು ಹಾವುಗಳ ವಿಷಕ್ಕೆ ಒಂದೇ ಔಷಧ ಇದೆ. ಅದು ಆಸ್ಪತ್ರೆಯಲ್ಲಿ ಕೊಡುವ ವಿಷ ಇಳಿಸುವ ಔಷಧ. ಇದನ್ನು ನೆನಪಿಡಿ:

ಕಚ್ಚಿದ ಜಾಗವನ್ನು ಕೊಯ್ಯಬೇಡಿ.
ಬಾಯಿಂದ ಹೀರಬೇಡಿ.
ಹಗ್ಗದಿಂದ ಬಿಗಿದು ಕಟ್ಟಬೇಡಿ.
ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಅಲುಗಾಡಿಸಬೇಡಿ. ಧೈರ್ಯ ಹೇಳಿ.
108ಕ್ಕೆ ಫೋನು ಮಾಡಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಕರಡಿಯ ಮೂಗಿನ ಹಗ್ಗ

ಹಾವಿನ ಹಾಗೆ ಕರಡಿಯೂ ನಮ್ಮ ಊರುಗಳಿಗೆ ಬರುತ್ತಿತ್ತು. ಖಲಂದರ್ ಸಮುದಾಯದವರು ಅದನ್ನು ಆಡಿಸುತ್ತಿದ್ದರು. ಮಕ್ಕಳ ಅಂಜಿಕೆ ಹೋಗಲಿ ಎಂದು ನಾವು ಕೂಸನ್ನು ಕರಡಿಯ ಮೇಲೆ ಕೂಡಿಸುತ್ತಿದ್ದೆವು. ಕರಡಿಯ ಕೂದಲು ಹಾಕಿದ ತಾಯಿತ ಕಟ್ಟುತ್ತಿದ್ದೆವು.

ಆ ಕರಡಿ ಎಲ್ಲಿಂದ ಬರುತ್ತಿತ್ತು? ಕೊಪ್ಪಳ, ಗಂಗಾವತಿ ಸೀಮೆಯ ಕಲ್ಲುಗುಡ್ಡಗಳಲ್ಲಿ ಇಂದಿಗೂ ಕರಡಿಗಳಿವೆ. ಹೊಳೆಯ ಆಚೆ, ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು. ತಾಯಿಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ನಾವು ಕೂಸನ್ನು ಬಗಲಲ್ಲಿ ಎತ್ತಿಕೊಂಡ ಹಾಗೆ. ಆಟಕ್ಕೆ ಬೇಕಾದದ್ದು ಮರಿ. ಅಂಥ ಮರಿಯನ್ನು ತಾಯಿಯಿಂದ ಕಸಿಯುತ್ತಿದ್ದರು. ಮರಿಗಾಗಿ ಎಷ್ಟೋ ಸಲ ತಾಯಿಯನ್ನು ಕೊಲ್ಲುತ್ತಿದ್ದರು. ಕಾಯಿಸಿದ ಕಬ್ಬಿಣದಿಂದ ಮರಿಯ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸುತ್ತಿದ್ದರು. ಹಲ್ಲು ಮುರಿಯುತ್ತಿದ್ದರು. ಹಗ್ಗ ಜಗ್ಗಿದರೆ ನೋವು. ನೋವಿಗೆ ಕರಡಿ ಎರಡು ಕಾಲ ಮೇಲೆ ಏಳುತ್ತಿತ್ತು. ನಾವು ಅದನ್ನು ಕುಣಿತ ಎಂದು ನೋಡಿ ಚಪ್ಪಾಳೆ ಹೊಡೆಯುತ್ತಿದ್ದೆವು.

ನಮ್ಮ ಕೂಸಿನ ಅಂಜಿಕೆ ಕಳೆಯಲು ಇನ್ನೊಬ್ಬ ತಾಯಿಯ ಕೂಸನ್ನು ಕಸಿದ ಹಾಗಾಯಿತು. ಆಗ ನಮಗೆ ಇದು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಆಟಕ್ಕೆ ಒಪ್ಪಿಗೆ ಬೇಕು

ರಂಗದ ಮೇಲೆ ಜಾದೂ ಮಾಡುವವರೂ ಇದ್ದಾರೆ. ಖಾಲಿ ಪೆಟ್ಟಿಗೆಯಿಂದ ಪಾರಿವಾಳ, ಟೊಪ್ಪಿಗೆಯಿಂದ ಮೊಲ ತೆಗೆಯುತ್ತಾರೆ. ಆ ಪಾರಿವಾಳ ಗಾಳಿಯಿಂದ ಹುಟ್ಟಿದ್ದಲ್ಲ. ಅಂಗಿಯ ಒಳಗೆ, ಪೆಟ್ಟಿಗೆಯ ಕಳ್ಳಖಾನೆಯೊಳಗೆ ಮುದುರಿ ಕೂತಿರುತ್ತದೆ.

ಈ ವಿಚಾರ ಹೊರದೇಶದಲ್ಲೂ ಎದ್ದಿತ್ತು. ಕಾರ್ಲ್ ಹರ್ಟ್ಜ್ ಎಂಬ ಜಾದೂಗಾರ ಪಂಜರದ ಸಮೇತ ಹಕ್ಕಿಯನ್ನು ಮಾಯ ಮಾಡುತ್ತಿದ್ದ. ಪ್ರತಿ ಆಟಕ್ಕೂ ಒಂದು ಹಕ್ಕಿ ಸಾಯುತ್ತದೆ ಎಂದು ಜನ ದೂರಿದರು. 1921ರಲ್ಲಿ ಅವನು ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯ ಎದುರು ಆಟ ಮಾಡಿ, ಅದೇ ಹಕ್ಕಿಯನ್ನು ಜೀವಂತ ತೋರಿಸಿದ. ಆದರೂ 1925ರಲ್ಲಿ ಆ ದೇಶ ಆಟದ ಪ್ರಾಣಿಗಳ ಬಗ್ಗೆ ಕಾನೂನು ಮಾಡಿತು. ಒಬ್ಬ ಒಳ್ಳೆಯವನಿದ್ದರೆ ಸಾಲದು, ಎಲ್ಲರನ್ನೂ ಕೇಳುವವರು ಬೇಕು.

ಜಾದೂ ತಪ್ಪಲ್ಲ. ಜಾದೂಗಾರ ಕಣ್ಕಟ್ಟು ಮಾಡುತ್ತಾನೆ ಎಂದು ನಮಗೆ ಗೊತ್ತು. ನಾವು ಒಪ್ಪಿಯೇ ಮೋಸ ಹೋಗುತ್ತೇವೆ, ನಗುತ್ತೇವೆ. ಆದರೆ ಹಾವಿಗೆ ಇದು ಆಟ ಎಂದು ಗೊತ್ತಿಲ್ಲ. ಪಾರಿವಾಳ ಒಪ್ಪಿ ಬಂದಿಲ್ಲ. ಒಪ್ಪದವರನ್ನು ನೋಯಿಸಿ ಆಡುವುದು ಆಟ ಹೇಗಾದೀತು?

ಇಲ್ಲಿ ಒಬ್ಬ ಅಕ್ಕ ಕೇಳಬಹುದು: "ನಾವು ಎತ್ತು ಹೂಡತೀವಿ. ಕುರಿ ಕೊಯ್ದು ತಿಂತೀವಿ. ಹಾವಿಗೆ ಯಾಕ ಇಷ್ಟು ಮರುಗಬೇಕ್ರಿ?"

ಪ್ರಶ್ನೆ ಸರಿಯಾಗಿದೆ. ಎತ್ತು ನಮ್ಮ ಜೊತೆ ದುಡಿಯುತ್ತದೆ. ಅದಕ್ಕೆ ಮೇವು, ನೀರು ಕೊಡುತ್ತೇವೆ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಯುತ್ತೇವೆ. ಆ ಎತ್ತಿಗೂ ಮೊಳೆಯ ಕೋಲಿನಿಂದ ಚುಚ್ಚಿದರೆ ಅದು ತಪ್ಪೇ. ಹೊಟ್ಟೆಯ ಪಾಡು ಬೇರೆ, ಎರಡು ಗಳಿಗೆಯ ಮೋಜು ಬೇರೆ. ಹೊಟ್ಟೆಗಾಗಿ ಮಾಡುವಾಗಲೂ ಎಷ್ಟು ಬೇಕೋ ಅಷ್ಟೇ, ನೋವು ಕಡಿಮೆ ಇರಲಿ ಅನ್ನುತ್ತೇವೆ. ಮೋಜಿಗಾಗಿ ಒಂದು ಜೀವದ ಬಾಯಿ ಹೊಲಿಯುವುದಕ್ಕೆ ಯಾವ ಕಾರಣ ಹೇಳೋಣ?

ಕಾನೂನು ಏನು ಹೇಳುತ್ತದೆ?

1960ರಲ್ಲಿ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಕಾನೂನು ಬಂತು. 1972ರಲ್ಲಿ ವನ್ಯಜೀವಿ ಕಾಯಿದೆ ಬಂತು. ಅದರ ಪ್ರಕಾರ ನಾಗರಹಾವು ಹಿಡಿದು ಇಟ್ಟುಕೊಳ್ಳುವುದು ಅಪರಾಧ. ಭವಿಷ್ಯ ಹೇಳಲು ಕಾಡಿನ ಗಿಳಿಯನ್ನು ಪಂಜರದಲ್ಲಿ ಇಡುವುದೂ ಅಪರಾಧ. 1998ರಲ್ಲಿ ಕೇಂದ್ರ ಸರಕಾರ ಕರಡಿ, ಮಂಗ, ಹುಲಿ, ಚಿರತೆ, ಸಿಂಹ ಈ ಐದು ಪ್ರಾಣಿಗಳ ಆಟ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜೀವಿಗಳ ಮೇಲೆ ದಯೆ ಇರಬೇಕು ಎಂದು ನಮ್ಮ ಸಂವಿಧಾನವೂ ಹೇಳುತ್ತದೆ. ಅದು ಪ್ರತಿ ನಾಗರಿಕರ ಕರ್ತವ್ಯ.

ಆಡಿಸುವವರ ಹೊಟ್ಟೆ

ಗಾರುಡಿಗನ ಪಕ್ಕದಲ್ಲಿ ಅವನ ಹೆಂಡತಿ ನಿಂತಿರುತ್ತಿದ್ದಳು. ಬಗಲಲ್ಲಿ ಕೂಸು, ಕೈಯಲ್ಲಿ ತಾಟು. ಅವಳನ್ನು ನಾವು ಮರೆಯಬಾರದು. ಅವರಿಗೆ ಹೊಲ ಇಲ್ಲ, ನಿಂತ ಊರಿಲ್ಲ. ಹಾವು ಕಸಿದು ಓಡಿಸಿದರೆ ಆ ಕೂಸಿನ ಹೊಟ್ಟೆಗೆ ಏನು?

ದಾರಿ ಇದೆ. ಎರಡು ಉದಾಹರಣೆ ನೋಡಿ.

ತಮಿಳುನಾಡಿನ ಇರುಳರು ಹಾವು ಹಿಡಿಯುವುದರಲ್ಲಿ ಜಾಣರು. ಚೆನ್ನೈ ಹತ್ತಿರ 1978ರಲ್ಲಿ ಅವರ ಸಹಕಾರ ಸಂಘ ಆಯಿತು. ಸರಕಾರದ ಪರವಾನಗಿಯಿಂದ ಅವರು ಹಾವು ಹಿಡಿಯುತ್ತಾರೆ. ಹಲ್ಲು ಕೀಳದೆ ವಿಷ ತೆಗೆಯುತ್ತಾರೆ. ಕೆಲವು ವಾರದ ಮೇಲೆ ಹಾವನ್ನು ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ನಮ್ಮ ಆಸ್ಪತ್ರೆಗಳ ಔಷಧ ತಯಾರಾಗುತ್ತದೆ. ಅದೇ ವಿದ್ಯೆ, ಆದರೆ ಅದರಿಂದ ಜೀವ ಉಳಿಯುತ್ತದೆ.

ಖಲಂದರ್ ಕುಟುಂಬಗಳಿಗೆ ಬೇರೆ ಉದ್ಯೋಗ ಕಟ್ಟಿಕೊಳ್ಳಲು ನೆರವು ಸಿಕ್ಕಿತು. ಮಕ್ಕಳು ಶಾಲೆಗೆ ಹೋದರು. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಮತ್ತು ಸರಕಾರ ಸೇರಿ ಈ ಕೆಲಸ ಮಾಡಿದವು. ಬೀದಿಯ ಕೊನೆಯ ಕರಡಿ ಎಂದು ಗುರುತಿಸಿದ ಕರಡಿ 2009ರಲ್ಲಿ ಬೆಂಗಳೂರಿನ ಬನ್ನೇರುಘಟ್ಟದ ಆಶ್ರಯಕ್ಕೆ ಬಂತು. ಅಲ್ಲಿ ಅದರ ಮೂಗಿನ ಹಗ್ಗ ಬಿಚ್ಚಿದರು.

ನೂರಾರು ವರ್ಷದ ಆಟ ನಿಂತಿತು. ಆಡಿಸುವವರೂ ಬದುಕಿದರು, ಕರಡಿಯೂ ಬದುಕಿತು.

ಜೀವ ನೋಯದ ಜಾದೂ

ಜಾದೂ ಮಾಡಲು ಪ್ರಾಣಿ ಬೇಕಿಲ್ಲ. ನಮ್ಮ ಅಡಿಗೆ ಮನೆಯಲ್ಲೇ ಜಾದೂ ಇದೆ. ಅರಿಶಿಣದ ನೀರಿಗೆ ಸುಣ್ಣ ಹಾಕಿ. ಹಳದಿ ನೀರು ಕೆಂಪಾಗುತ್ತದೆ. ಅದೇ ಓಕುಳಿ. ಸುಣ್ಣ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಚಾಕುವಿಗೆ ದಾಸವಾಳ ಹೂವಿನ ರಸ ಸವರಿ ಒಣಗಿಸಿ. ಆ ಚಾಕುವಿನಿಂದ ನಿಂಬೆಹಣ್ಣು ಕೊಯ್ಯಿರಿ. ಹಣ್ಣಿನಿಂದ ನೆತ್ತರು ಬಂದ ಹಾಗೆ ಕಾಣುತ್ತದೆ. ಮಾಟ ಆಗಿದೆ ಎಂದು ಹೆದರಿಸುವವರ ಗುಟ್ಟು ಇದು. ಒಮ್ಮೆ ನೀವೇ ಮಾಡಿ, ಓಣಿಯ ಹುಡುಗರಿಗೆ ತೋರಿಸಿ. ಅವರು ಬೆರಗಾಗುತ್ತಾರೆ. ಯಾರಿಗೂ ನೋವಾಗುವುದಿಲ್ಲ.

ಇನ್ನೊಮ್ಮೆ ಸಂತೆಯಲ್ಲಿ ಪುಂಗಿಯ ಸಪ್ಪಳ ಕೇಳಿದರೆ ಏನು ಮಾಡೋಣ? ಜಗಳ ಬೇಡ. ಬೈಗುಳ ಬೇಡ. ಬೇರು ಕೊಳ್ಳುವುದು ಬೇಡ. ಅರಣ್ಯ ಇಲಾಖೆಯವರಿಗೆ ತಿಳಿಸೋಣ. ತಾಟು ಹಿಡಿದ ತಂಗಿ ಹತ್ತಿರ ಬಂದರೆ ಒಂದು ಮಾತು ಕೇಳೋಣ: "ನಿನ್ನ ಕೂಸು ಸಾಲಿಗೆ ಹೋಗತೈತೇನವ್ವಾ?"

ಕೂಡಿ ಮಾತಾಡೋಣ

1. ಆಟದ ಹಾವು ಕಚ್ಚಿದರೂ ಗಾರುಡಿಗ ಯಾಕೆ ಸಾಯುವುದಿಲ್ಲ?
2. ನಿಮ್ಮ ಊರಿನಿಂದ ಹತ್ತಿರದ ಸರಕಾರಿ ಆಸ್ಪತ್ರೆ ಎಷ್ಟು ದೂರ? ಹಾವಿನ ವಿಷಕ್ಕೆ ಔಷಧ ಅಲ್ಲಿ ಇದೆಯೇ? ಹೋಗಿ ಕೇಳಿ, ಇಲ್ಲಿ ಬರೆಯಿರಿ.
3. ಈ ಪಾಠವನ್ನು ಓದು ಬಾರದ ಒಬ್ಬ ಅಕ್ಕನಿಗೆ ಓದಿ ಹೇಳಿ. ಅವಳು ಏನು ಹೇಳಿದಳು?