ಊರಿಗೆಲ್ಲ ಗೊತ್ತಿರುವ ವೈಫೈ ಪಾಸ್‌ವರ್ಡ್

ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ವೈಫೈ ಪಾಸ್‌ವರ್ಡ್ ಬದಲಾಯಿತು ಅಂದರೆ ಆವತ್ತು ಲ್ಯಾಬ್ ನೋಡಿಕೊಳ್ಳುವವರಿಗೆ ಬೇರೆ ಕೆಲಸಕ್ಕೆ ಕೈ ಹಾಕಲು ಆಗುವುದಿಲ್ಲ. ಒಂದೊಂದೇ ಕಂಪ್ಯೂಟರ್ ಮುಂದೆ ಕೂತು, ಹಳೆಯದನ್ನು ಅಳಿಸಿ, ಹೊಸ ಪಾಸ್‌ವರ್ಡ್ ಟೈಪ್ ಮಾಡಬೇಕು. ಅರವತ್ತು ಕಂಪ್ಯೂಟರ್ ಇದ್ದರೆ ಅರವತ್ತು ಸಲ. ಇಷ್ಟೆಲ್ಲ ಮಾಡಿದರೂ ಸಂಜೆಯೊಳಗೆ ಅದು ಬಾಯಿಂದ ಬಾಯಿಗೆ ಹೋಗಿ ಕ್ಯಾಂಟೀನ್ ತಲುಪಿರುತ್ತದೆ. ಈ ತಾಪತ್ರಯಕ್ಕೆ ಅಂಜಿ ಎಷ್ಟೋ ಸಂಸ್ಥೆಗಳು ಪಾಸ್‌ವರ್ಡ್ ಬದಲಿಸುವ ಗೋಜಿಗೇ ಹೋಗುವುದಿಲ್ಲ. ಕೆಲಸ ಬಿಟ್ಟು ಹೋದವರ ಮೊಬೈಲ್ ಕೂಡ ಗೇಟಿನ ಬಳಿ ಬಂದ ಕೂಡಲೇ ತಾನಾಗಿ ಕನೆಕ್ಟ್ ಆಗುತ್ತದೆ.

ದಾವಣಗೆರೆಯಂಥ ಊರಿಗೆ ಇದು ಸಣ್ಣ ಮಾತಲ್ಲ. 1951ರ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1965ರ ಜೆಜೆಎಂ ಮೆಡಿಕಲ್ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರ ವಿಶ್ವವಿದ್ಯಾಲಯ ಸೇರಿ ಹತ್ತಿ ಗಿರಣಿಗಳ ಊರನ್ನು ಓದಿನ ಊರಾಗಿಸಿವೆ. ಕಾಲೇಜು, ಆಸ್ಪತ್ರೆ, ಬ್ಯಾಂಕು ಇರುವಲ್ಲೆಲ್ಲ ಅಂಕಪಟ್ಟಿ, ರೋಗಿಗಳ ವಿವರ, ಸಂಬಳದ ಲೆಕ್ಕ ನೆಟ್‌ವರ್ಕ್ ಮೇಲೆ ಓಡಾಡುತ್ತಿರುತ್ತವೆ.

ಒಂದು ಕಡೆ ಬರೆದರೆ ಸಾಕು

ಪಕ್ಕದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಿಂದ ದಶಕಗಳ ಕಾಲ ಲೇಥ್‌ಗಳಿಗೆ ಹೆಸರಾಗಿತ್ತು. ಅಲ್ಲಿ ದುಡಿದವರಿಗೆ ಜಿಗ್ ಏನೆಂದು ಹೇಳಿಕೊಡಬೇಕಿಲ್ಲ. ಒಂದು ಸಲ ಸರಿಯಾದ ಜಿಗ್ ಮಾಡಿಟ್ಟರೆ ಪ್ರತಿ ಬಿಡಿಭಾಗಕ್ಕೂ ಅಳತೆ ಹಿಡಿಯದೆ ತೂತು ಅದದೇ ಜಾಗಕ್ಕೆ ಬೀಳುತ್ತದೆ. ವಿಂಡೋಸ್ ಸರ್ವರ್‌ನ ಗ್ರೂಪ್ ಪಾಲಿಸಿ ಮಾಡುವುದೂ ಇದನ್ನೇ. ನೆಟ್‌ವರ್ಕ್‌ನ ಹೆಸರು, ಭದ್ರತೆಯ ಬಗೆ, ತಾನಾಗಿ ಕನೆಕ್ಟ್ ಆಗಬೇಕೇ ಎಂಬುದನ್ನು ಸರ್ವರ್‌ನಲ್ಲಿ ಒಮ್ಮೆ ಬರೆದಿಟ್ಟರೆ, ಡೊಮೈನ್‌ಗೆ, ಅಂದರೆ ಆ ಸರ್ವರ್‌ನ ಹಿಡಿತದಲ್ಲಿರುವ ಗುಂಪಿಗೆ, ಸೇರಿದ ಕಂಪ್ಯೂಟರ್‌ಗಳು ಆನ್ ಆದಾಗ ಅದನ್ನು ಓದಿಕೊಳ್ಳುತ್ತವೆ. ಆಮೇಲೂ ಸುಮಾರು 90 ನಿಮಿಷಕ್ಕೊಮ್ಮೆ ಏನಾದರೂ ಬದಲಾಗಿದೆಯೇ ಎಂದು ನೋಡುತ್ತಿರುತ್ತವೆ. ಹೊಸ ಕಂಪ್ಯೂಟರ್‌ಗೆ ಮಾತ್ರ ಮೊದಲ ಸಲ ಕೇಬಲ್ ಚುಚ್ಚಬೇಕು. ವೈಫೈ ಸೆಟ್ಟಿಂಗ್ ಬರಲು ಅದಕ್ಕೆ ಇನ್ನೊಂದು ದಾರಿ ಬೇಕಲ್ಲ!

ಗಮನಿಸಬೇಕಾದ ಸಂಗತಿಯೊಂದಿದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ತುಂಬಿ ಹಂಚಲು ಈ ಪಾಲಿಸಿಯಲ್ಲಿ ಜಾಗವಿಲ್ಲ. ಇದು 802.1ಎಕ್ಸ್ ಎಂಬ ಪದ್ಧತಿಗೆ ಹೊಂದಿಸಿದ ವ್ಯವಸ್ಥೆ. ಇಲ್ಲಿ ಪ್ರತಿಯೊಬ್ಬರೂ ತಮ್ಮದೇ ಹೆಸರು, ತಮ್ಮದೇ ಪಾಸ್‌ವರ್ಡ್ ಅಥವಾ ಸರ್ಟಿಫಿಕೇಟ್ ತೋರಿಸಿ ಒಳಗೆ ಬರಬೇಕು. ವೈಫೈ ಸಿಗ್ನಲ್ ಕೊಡುವ ಆಕ್ಸೆಸ್ ಪಾಯಿಂಟ್ ತಾನೇ ತೀರ್ಮಾನ ಮಾಡದೆ, ಗುರುತು ಪರೀಕ್ಷಿಸುವ ರೇಡಿಯಸ್ ಸರ್ವರ್ ಅನ್ನು ಕೇಳುತ್ತದೆ. ಸರ್ವರ್ ಹೂಂ ಅಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಬ್ಬರು ಕೆಲಸ ಬಿಟ್ಟಾಗ ಅವರ ಖಾತೆ ಮುಚ್ಚಿದರೆ ಮುಗಿಯಿತು, ಉಳಿದವರಿಗೆ ಏನೂ ಗೊತ್ತಾಗುವುದಿಲ್ಲ.

ಒಂದು ಟಿಕ್ ಮಾರ್ಕಿನ ಬೆಲೆ

ಕೇಂದ್ರದಿಂದಲೇ ಸೆಟ್ಟಿಂಗ್ ಹೋಗಬೇಕು ಎನ್ನಲು ಶ್ರಮದ ಉಳಿತಾಯಕ್ಕಿಂತ ದೊಡ್ಡ ಕಾರಣವಿದೆ. ನಿಮ್ಮ ಸಂಸ್ಥೆಯ ವೈಫೈ ಹೆಸರನ್ನೇ ಇಟ್ಟುಕೊಂಡು ಯಾರಾದರೂ ಕಾಂಪೌಂಡಿನ ಆಚೆ ನಕಲಿ ಆಕ್ಸೆಸ್ ಪಾಯಿಂಟ್ ಹಚ್ಚಬಹುದು. ಲ್ಯಾಪ್‌ಟಾಪ್‌ಗೆ ಅಸಲಿ, ನಕಲಿ ತಿಳಿಯುವುದು ಸರ್ವರ್‌ನ ಸರ್ಟಿಫಿಕೇಟ್ ಪರೀಕ್ಷಿಸಿದಾಗ ಮಾತ್ರ. ಈ ಪರೀಕ್ಷೆ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಮಾರ್ಕ್ ಅಷ್ಟೇ. ಬಳಸುವವರ ಕೈಗೆ ಬಿಟ್ಟರೆ, ಎಚ್ಚರಿಕೆ ಬಂದಾಗ ಓದದೆ ‘ಕನೆಕ್ಟ್’ ಒತ್ತುತ್ತಾರೆ. ಕ್ಲಾಸಿಗೆ ತಡವಾದವರಿಂದ, ವಾರ್ಡಿಗೆ ಓಡುವ ನರ್ಸ್‌ಗಳಿಂದ ಬೇರೇನು ನಿರೀಕ್ಷಿಸಲು ಸಾಧ್ಯ? ಆ ಹೊರೆ ಅವರ ಮೇಲೆ ಇರಲೇಬಾರದು. ಯಾವ ಸರ್ಟಿಫಿಕೇಟ್ ನಂಬಬೇಕು ಎಂದು ಪಾಲಿಸಿಯೇ ಹೇಳಿ, ಎಚ್ಚರಿಕೆಯನ್ನು ದಾಟಿ ಹೋಗುವ ಅವಕಾಶವನ್ನೂ ಮುಚ್ಚಬಹುದು.

ಯಾರು ಬಳಸಿದರು ಎಂಬ ಪ್ರಶ್ನೆ

2008ರ ಜುಲೈನಲ್ಲಿ ಅಹಮದಾಬಾದ್ ಸರಣಿ ಸ್ಫೋಟಕ್ಕೆ ತುಸು ಮುಂಚೆ ಹೊರಟ ಬೆದರಿಕೆ ಇ-ಮೇಲ್ ನವಿ ಮುಂಬೈನ ಮನೆಯೊಂದರ ವೈಫೈ ಮೂಲಕ ಹೋಗಿತ್ತು. ತನಿಖೆ ಮೊದಲು ಬಂದು ನಿಂತದ್ದು ಏನೂ ಅರಿಯದ ಆ ಮನೆಯವರ ಬಾಗಿಲಿಗೆ. ಈಗ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸೆರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಕಂಪನಿಗಳು, ಸರ್ಕಾರಿ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು, ಅಂದರೆ ಬಳಕೆಯ ದಾಖಲೆಗಳನ್ನು, 180 ದಿನ ಇಟ್ಟುಕೊಂಡಿರಬೇಕು. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವಲ್ಲಿ ಆ ಲಾಗ್ ಯಾವುದೋ ಒಂದು ಸಾಧನವನ್ನು ತೋರಿಸೀತೇ ಹೊರತು ವ್ಯಕ್ತಿಯನ್ನಲ್ಲ.

ಎಲ್ಲರಿಗೂ ದೊಡ್ಡ ಸರ್ವರ್ ಬೇಕಿಲ್ಲ

ಹರಿಹರದ ಸಣ್ಣ ವರ್ಕ್‌ಶಾಪಿನಲ್ಲಿ ನಾಲ್ಕು ಕಂಪ್ಯೂಟರ್ ಇದ್ದರೆ ಡೊಮೈನ್ ಕಟ್ಟುವುದು ಅನಗತ್ಯ ಖರ್ಚು. ಬರುವ ಗ್ರಾಹಕರಿಗೆ ಬೇರೆ ಗೆಸ್ಟ್ ನೆಟ್‌ವರ್ಕ್, ಲೆಕ್ಕದ ಕಂಪ್ಯೂಟರ್‌ಗೆ ಬೇರೆ ನೆಟ್‌ವರ್ಕ್ ಮಾಡಿದರೂ ದೊಡ್ಡ ರಕ್ಷಣೆಯೇ. ಕಂಪ್ಯೂಟರ್‌ಗಳು ಐವತ್ತು, ನೂರು ದಾಟಿದ ಸಂಸ್ಥೆಗಳು ಮಾತ್ರ ಇನ್ನು ತಡಮಾಡಬಾರದು. ರೇಡಿಯಸ್ ಸರ್ವರ್‌ನ ಕೆಲಸ ಮಾಡುವ, 1999ರಲ್ಲಿ ಶುರುವಾದ ಫ್ರೀರೇಡಿಯಸ್ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ವಿದ್ಯಾರ್ಥಿಗಳ ಸ್ವಂತ ಮೊಬೈಲ್‌ಗಳನ್ನು ಗ್ರೂಪ್ ಪಾಲಿಸಿ ಮುಟ್ಟುವುದಿಲ್ಲ, ನಿಜ. ಅದಕ್ಕೆ ಎಜುರೋಮ್ ಇದೆ. ಭಾರತದಲ್ಲಿ ಶಿಕ್ಷಣ ಸಂಸ್ಥೆಗಳ ಜಾಲವಾದ ಅರ್ನೆಟ್ ನಡೆಸುವ ಈ ವ್ಯವಸ್ಥೆಗೆ ಸೇರಿದ ಕಾಲೇಜಿನ ವಿದ್ಯಾರ್ಥಿ, ಅದೇ ಜಾಲದ ಬೇರೆ ಊರಿನ ಕ್ಯಾಂಪಸ್‌ಗೆ ಹೋದರೂ ತನ್ನ ಕಾಲೇಜಿನ ಗುರುತಿನಿಂದಲೇ ಲಾಗಿನ್ ಆಗಬಹುದು.

ಅವಸರ ಮಾತ್ರ ಬೇಡ. ತಪ್ಪು ಪಾಲಿಸಿ ಹೊರಟರೆ ತಪ್ಪೂ ಒಂದೇ ಬೆಳಗ್ಗೆ ಎಲ್ಲ ಕಂಪ್ಯೂಟರ್‌ಗಳಿಗೆ ಹರಡುತ್ತದೆ. ಮೊದಲು ಒಂದು ಕೊಠಡಿಯ ನಾಲ್ಕೈದು ಕಂಪ್ಯೂಟರ್‌ಗಳಲ್ಲಿ ವಾರ ನೋಡಿ, ಆಮೇಲೆ ಉಳಿದವಕ್ಕೆ ಹಚ್ಚಬೇಕು. ಸರ್ಟಿಫಿಕೇಟಿನ ಅವಧಿ ಮುಗಿಯುವ ದಿನಾಂಕವನ್ನು ಕಣ್ಣಿಗೆ ಬೀಳುವಲ್ಲಿ ಬರೆದಿಡಬೇಕು.

ಇದಕ್ಕೆ ಬೇಕಾದ ಕೈಗಳು ನಮ್ಮೂರಲ್ಲೇ ಇವೆ. ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಎಲ್ಲಿಂದಲೋ ತಂದ ರೆಡಿಮೇಡ್ ಪ್ರಾಜೆಕ್ಟ್‌ಗಿಂತ, ತಮ್ಮದೇ ಕಾಲೇಜಿನ ಒಂದು ಲ್ಯಾಬ್‌ಗೆ ರೇಡಿಯಸ್ ಸರ್ವರ್ ಕಟ್ಟುವ ಕೆಲಸ ಕೊಡಲಿ. ಕಾಲೇಜಿಗೆ ಭದ್ರವಾದ ನೆಟ್‌ವರ್ಕ್ ಸಿಗುತ್ತದೆ, ಅವರಿಗೆ ಕೆಲಸದ ಸಂದರ್ಶನದಲ್ಲಿ ಧೈರ್ಯವಾಗಿ ಹೇಳಿಕೊಳ್ಳಬಲ್ಲ ನಿಜವಾದ ಅನುಭವ ಸಿಗುತ್ತದೆ.