ಹಿಮಚಂದ್ರರ ಮೈಮೇಲಣ ಗುರುತುಗಳು

ಬೆಂಗಳೂರಿನ ಉತ್ತರಕ್ಕೆ, ಯಲಹಂಕದಿಂದಾಚೆ ಬಾಗಲೂರಿನ ಸೀಮೆಯಲ್ಲಿ, ಬೇಸಗೆಯಲ್ಲಿ ಬತ್ತಿದ ಕೆರೆಯಂಗಳವನ್ನು ನೋಡಿದವರಿಗೆ ಬಿರುಕುಗಳ ಬಲೆಯೊಂದು ಕಾಣುವುದು. ನೀರು ಆರಿ ಜೇಡಿಮಣ್ಣು ಕುಗ್ಗಿ ಒಡೆಯಿತೆಂದು ನಾವು ಒಡನೆಯೇ ಊಹಿಸುವೆವು. ಹೀಗೆ ನೆಲದ ಗುರುತಿನಿಂದ ಅದರ ಚರಿತ್ರೆಯನ್ನು ತಿಳಿಯುವ ಕ್ರಮವನ್ನೇ ಗುರುಗ್ರಹದ ಹಿಮಾವೃತ ಚಂದ್ರರಿಗೂ ಅನ್ವಯಿಸಿ ನೋಡೋಣ.

ಗೆಲಿಲಿಯೋ 1610ರಲ್ಲಿ ಕಂಡ ಈ ಚಂದ್ರರ ಮೈಯ ವಿವರ ಬಹುಕಾಲ ಯಾರಿಗೂ ಗೋಚರಿಸಲಿಲ್ಲ. 1972ರ ಜೂನ್ 7ರಂದು ಗ್ಯಾನಿಮೀಡ್ ಚಂದ್ರವು ನಕ್ಷತ್ರವೊಂದನ್ನು ಮರೆಮಾಡಿದುದನ್ನು ಕಾವಲೂರಿನ ವೀಕ್ಷಣಾಲಯದಲ್ಲಿ ಅಳೆದರು. ಈ ವೀಕ್ಷಣಾಲಯವನ್ನು ನಡೆಸುವ ಭಾರತೀಯ ಖಗೋಳಭೌತ ಸಂಸ್ಥೆಯು ಈಗ ಬೆಂಗಳೂರಿನಲ್ಲಿದೆ. ತೆಳುವಾದ ವಾಯುಮಂಡಲದ ಸುಳಿವು ದೊರೆಯಿತೆಂದು ಆಗ ಎಣಿಸಲಾಯಿತು; ನೆಲದ ರೂಪವಾದರೋ 1979ರಲ್ಲಿ ವಾಯೇಜರ್ ನೌಕೆಗಳು ಸಮೀಪಿಸಿದ ಮೇಲೆಯೇ ಸ್ಪಷ್ಟವಾಯಿತು.

ಆ ಚಿತ್ರಗಳಲ್ಲಿ ಕ್ಯಾಲಿಸ್ಟೋ ಚಂದ್ರದ ಮೈತುಂಬ ಕುಳಿಗಳು. ಆಕಾಶದಿಂದ ಬಿದ್ದ ಬಂಡೆಗಳು ಅಗೆದ ಗುಂಡಿಗಳಿವು. ಅವು ಹೆಚ್ಚಿದಷ್ಟೂ ನೆಲವು ಹಳೆಯದು. ಗ್ಯಾನಿಮೀಡಿನಲ್ಲಿ ಕಪ್ಪಾದ ಹಳೆಯ ನೆಲದ ನಡುವೆ ಉತ್ತ ಹೊಲದಂತೆ ಸಾಲುಸಾಲಾದ ಹೊಸ ನೆಲವುಂಟು. ಯೂರೋಪದಲ್ಲಿ ಕುಳಿಗಳು ತೀರ ವಿರಳ. ಅದರ ನೆಲದ ವಯಸ್ಸನ್ನು 4ರಿಂದ 9 ಕೋಟಿ ವರ್ಷವೆಂದು ಅಂದಾಜು ಮಾಡಿರುವರು. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ! ಹಾಗಾದರೆ ಯೂರೋಪದ ಹಳೆಯ ಗಾಯಗಳನ್ನು ಅಳಿಸಿದುದು ಯಾವುದು?

ಯೂರೋಪವು ಮೂರೂವರೆ ದಿನಕ್ಕೊಮ್ಮೆ ಗುರುವನ್ನು ಸುತ್ತುವುದು. ಅದರ ಪಥವು ಪೂರ್ಣ ವೃತ್ತವಲ್ಲ. ಸಮೀಪಕ್ಕೆ ಬಂದಾಗ ಗುರುವಿನ ಸೆಳೆತವು ಹೆಚ್ಚಿ, ದೂರವಾದಾಗ ತಗ್ಗುವುದು. ಹೀಗೆ ಎಡೆಬಿಡದೆ ಹಿಸುಕಿ ಸಡಲಿಸುವುದರಿಂದ ಒಳಗೆ ಕಾವು ಹುಟ್ಟುವುದು, ಮೇಲಣ ಹಿಮವು ಸೀಳುವುದು. ನೂರಾರು ಮೈಲಿ ಉದ್ದದ ಕೆಂಗಂದು ರೇಖೆಗಳು ಈ ಸೀಳುಗಳೇ. ಕೆಲವೆಡೆ ಹಿಮದ ಹಾಸುಗಳು ಮುರಿದು, ಪಕ್ಕಕ್ಕೆ ಸರಿದು, ಮತ್ತೆ ಹೆಪ್ಪುಗಟ್ಟಿರುವುವು. ಕಾಂತಕ್ಷೇತ್ರದ ಅಳತೆಗಳೂ ಅಡಿಯಲ್ಲಿ ಉಪ್ಪುನೀರಿನ ಸಾಗರವುಂಟೆಂದು ಸೂಚಿಸುವುವು. ಕೆರೆಯಂಗಳದ ಬಿರುಕು ನೀರು ಹೋದುದಕ್ಕೆ ಸಾಕ್ಷಿ. ಯೂರೋಪದ ಬಿರುಕಾದರೋ ನೀರು ಒಳಗಿರುವುದಕ್ಕೆ ಸಾಕ್ಷಿ.

ನೀರೂ ಕಾವೂ ಕೂಡಿದಲ್ಲಿ ಜೀವವೂ ಇರಬಹುದೇ? 2024ರ ಅಕ್ಟೋಬರಿನಲ್ಲಿ ಹೊರಟ ಯೂರೋಪ ಕ್ಲಿಪ್ಪರ್ ನೌಕೆಯು 2030ರಲ್ಲಿ ಗುರುವನ್ನು ಸೇರುವಂತೆ ಯೋಜಿಸಲಾಗಿದೆ. ಅಲ್ಲಿ ಜೀವಕ್ಕೆ ಅನುಕೂಲವಾದ ಸ್ಥಿತಿಯುಂಟೇ ಎಂದು ಪರೀಕ್ಷಿಸುವುದೇ ಅದರ ಉದ್ದೇಶ. ಉಂಟೆಂದು ತಿಳಿದುಬಂದರೆ, ಸೂರ್ಯನ ಬಿಸಿಲು ತಲುಪದ ಕತ್ತಲೆಯ ಕಡಲುಗಳನ್ನೂ ನಾವು ಜೀವದ ನೆಲೆಗಳ ಲೆಕ್ಕಕ್ಕೆ ಸೇರಿಸಬೇಕಾಗುವುದು.