ಬದುವಿನಾಚೆಯ ಪ್ರಿಯ ವೈರಿ

ಹೊಲದ ಬದು ಒಂದು ಗೇಣು ಸರಿದರೆ ಸಾಕು, ಅಣ್ಣತಮ್ಮಂದಿರೇ ಕೋರ್ಟು ಮೆಟ್ಟಿಲೇರುತ್ತಾರೆ. ಸರ್ವೆಯವರು ಬಂದು ಹದ್ದುಬಸ್ತು ಮಾಡಿ ಕಲ್ಲು ನೆಟ್ಟ ಮೇಲೆ ಜಗಳ ತಣ್ಣಗಾಗುವುದೂ ಉಂಟು, ಇನ್ನಷ್ಟು ಹೊತ್ತಿಕೊಳ್ಳುವುದೂ ಉಂಟು. ಹಾಗಾದರೆ ಗಡಿ ಎಂಬುದು ನೆರೆಹೊರೆಯನ್ನು ಕಾಯುತ್ತದೋ ಕೆಡಿಸುತ್ತದೋ? ಮನುಷ್ಯರನ್ನು ಕೇಳಿದರೆ ಒಬ್ಬೊಬ್ಬರೂ ತಮ್ಮ ಪಕ್ಕದ ಮನೆಯ ಪುರಾಣ ತೆಗೆಯುತ್ತಾರೆ. ಹಕ್ಕಿಗಳನ್ನು ಕೇಳುವುದೇ ವಾಸಿ.

ಮರಿ ಮಾಡುವ ಕಾಲಕ್ಕೆ ಎಷ್ಟೋ ಜಾತಿಯ ಗಂಡು ಹಕ್ಕಿಗಳು ಒಂದಿಷ್ಟು ಜಾಗ ಹಿಡಿದು, ಹಾಡಿ ಹಾಡಿ ಅದು ತಮ್ಮದೆಂದು ಸಾರುತ್ತವೆ. ಮೊದಮೊದಲು ಅಕ್ಕಪಕ್ಕದ ಗಂಡುಗಳ ನಡುವೆ ಜೋರು ಕಾದಾಟ. ಗಡಿ ಇತ್ಯರ್ಥವಾಯಿತೆಂದರೆ ಇಬ್ಬರೂ ತಂತಮ್ಮ ಪಾಡಿಗೆ ಇರುತ್ತಾರೆ. ಅಪರಿಚಿತ ದನಿ ಕೇಳಿದಾಗಲಷ್ಟೇ ಸಿಟ್ಟು ನೆತ್ತಿಗೇರುವುದು. ಇಂಥ ನೆರೆಯವರನ್ನು ಬ್ರಿಟನ್ನಿನ ಪಕ್ಷಿತಜ್ಞ ಜೇಮ್ಸ್ ಫಿಶರ್ 1954ರಲ್ಲಿ ‘ಪ್ರಿಯ ವೈರಿಗಳು’ ಎಂದು ಕರೆದರು.

ಈ ಸಲಿಗೆಗೆ ಕಟ್ಟುಪಾಡುಗಳಿವೆ. ಕೆನಡಾದ ಸಂಶೋಧಕರಾದ ಬ್ರೂಕ್ಸ್ ಮತ್ತು ಫಾಲ್ಸ್ ಬಿಳಿಗೊರಳಿನ ಗುಬ್ಬಿಗಳಿಗೆ ನೆರೆಯ ಹಕ್ಕಿಯ ಹಾಡನ್ನು ಧ್ವನಿಮುದ್ರಿಸಿ ಕೇಳಿಸಿದರು. ಹಾಡು ಎಂದಿನ ಗಡಿಯಿಂದ ಬಂದಾಗ ಗುಬ್ಬಿ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಅದೇ ಹಾಡು ಎದುರು ದಿಕ್ಕಿನ ಗಡಿಯಿಂದ ಬಂದಾಗ ಪರಕೀಯ ಹಕ್ಕಿಯ ಮೇಲೆ ಎರಗುವಂತೆಯೇ ಎರಗಿತು. ಇವು 1975ರಲ್ಲಿ ಪ್ರಕಟವಾದ ಪ್ರಯೋಗಗಳು. ರೆನೆ ಗೊಡಾರ್ಡ್ ಎಂಬ ಅಮೆರಿಕದ ವಿಜ್ಞಾನಿ ಬೇರೊಂದು ಜಾತಿಯ ಹಕ್ಕಿಗಳಲ್ಲಿ ಇನ್ನೂ ಮುಂದೆ ಹೋದರು. ನೆರೆಯ ಹಕ್ಕಿ ಒಳಗೇ ನುಗ್ಗಿದೆ ಎಂಬಂತೆ ಧ್ವನಿವರ್ಧಕದಿಂದ ನಂಬಿಸಿದರೆ, ಆಮೇಲೆ ಅದು ತನ್ನ ಗಡಿಯಲ್ಲೇ ಇದ್ದರೂ ಜಾಗದ ಒಡೆಯ ಹಕ್ಕಿ ಸುಮ್ಮನಿರುತ್ತಿರಲಿಲ್ಲ. ಪಾಪ, ಆ ನೆರೆಯ ಹಕ್ಕಿ ಮಾಡಿದ ತಪ್ಪೇನೂ ಇರಲಿಲ್ಲ!

ಇದರ ಹಿಂದಿರುವುದು ಶುದ್ಧ ಲೆಕ್ಕಾಚಾರ. ನೆರೆಯವನಿಗೆ ಸ್ವಂತ ಜಾಗವಿದೆ, ಕಸಿದರೆ ಒಂದು ಮೂಲೆ ಕಸಿದಾನು. ಅಲೆಮಾರಿಗೆ ಏನೂ ಇಲ್ಲ, ಅವನಿಗೆ ಪೂರಾ ಬೇಕು. ದಿನವಿಡೀ ನೆರೆಯವನೊಂದಿಗೆ ಬಡಿದಾಡಿದರೆ ಮೇವು ಹುಡುಕುವವರು ಯಾರು?

ಈ ಲೆಕ್ಕ ತಿರುಗುಮುರುಗಾದರೆ ಪ್ರೀತಿಯೂ ಮಾಯ. ಉಗಾಂಡದ ಪಟ್ಟೆ ಮುಂಗುಸಿಗಳು ಗುಂಪಾಗಿ ಬಾಳುತ್ತವೆ. ಅಲ್ಲಿ ನೆಲ ಕಬಳಿಸಲು ಬರುವುದು ಪಕ್ಕದ ಗುಂಪೇ. ದೂರದಿಂದ ಬರುವವು ನೆಲೆ ಹುಡುಕುವ ಮುಂಗುಸಿಗಳಷ್ಟೇ. ಹಾಗಾಗಿ ಪಟ್ಟೆ ಮುಂಗುಸಿಗಳು ಅಪರಿಚಿತರಿಗಿಂತ ನೆರೆಯವರ ಮೇಲೆಯೇ ಹೆಚ್ಚು ಕೆರಳುತ್ತವೆ ಎಂದು 2007ರ ಅಧ್ಯಯನವೊಂದು ತೋರಿಸಿತು. ಗಡಿ ಹಕ್ಕಿಗಳಲ್ಲೂ ಇದೆ, ಮುಂಗುಸಿಗಳಲ್ಲೂ ಇದೆ. ಅದನ್ನು ಒತ್ತುವುದರಿಂದ ಯಾರಿಗೆ ಎಷ್ಟು ಲಾಭ ಎಂಬುದರ ಮೇಲೆ ನೆರೆಹೊರೆ ನಿಂತಿದೆ ಎಂದೇ ನನಗನ್ನಿಸುತ್ತದೆ.

ಇಂಥ ನೆರೆಹೊರೆಯವರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಸ್ಟ್ರೇಲಿಯದ ಒಂದು ಜಾತಿಯ ಏಡಿ. ಗಂಡಿಗೆ ಒಂದು ಮುಂಗಾಲು ಮಾತ್ರ ವಿಪರೀತ ದೊಡ್ಡದು. ನಮ್ಮ ಕರಾವಳಿಯ ಅಳಿವೆಗಳ ಕೆಸರಿನಲ್ಲೂ ಇದೇ ಬಳಗದ ಏಡಿಗಳಿವೆ. ಪಕ್ಕದವನ ಬಿಲಕ್ಕೆ ಯಾರಾದರೂ ಲಗ್ಗೆಯಿಟ್ಟರೆ ಆಸ್ಟ್ರೇಲಿಯದ ಈ ಏಡಿ ಕೆಲವೊಮ್ಮೆ ತನ್ನ ಬಿಲ ಬಿಟ್ಟು ಹೋಗಿ ಅವನ ಪರವಾಗಿ ಕಾದುತ್ತದೆ. ಹೊಸಬ ಬಂದರೆ ಗಡಿಯ ತಕರಾರು ಮೊದಲಿನಿಂದ ಶುರುವಾಗುತ್ತದಲ್ಲ! ಆದರೆ ದಾಳಿಕೋರ ಪಕ್ಕದವನಿಗಿಂತ ದೊಡ್ಡವನೂ ತನಗಿಂತ ಚಿಕ್ಕವನೂ ಆಗಿದ್ದಾಗಲೇ ಅದು ಸಾಮಾನ್ಯವಾಗಿ ನೆರವಿಗೆ ಹೋಗುವುದು.